ಹಳೆಯ ವಾಡೆ ಕೊಂಡು ಮನೆ ಮಾಡಿಕೊಳ್ಳುವವರಿಗೆ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಾನ್ವಿ, ಸಿರುಗುಪ್ಪ ಕಡೆಯ ದೊಡ್ಡ ಊರುಗಳಲ್ಲಿ ಗೌಡರದೋ ದೇಸಾಯರದೋ ಒಂದು ವಾಡೆ ಕಾಣಸಿಗುತ್ತದೆ. ಎತ್ತರದ ದೊಡ್ಡ ಬಾಗಿಲು, ಅದರಲ್ಲೇ ಬಗ್ಗಿ ನುಗ್ಗುವ ದಿಡ್ಡಿ ಬಾಗಿಲು, ಮೂರಡಿ ದಪ್ಪದ ಗೋಡೆ, ಮೂಲೆಗೆ ಹುಡೇವು ಎಂಬ ಕಾವಲು ಬುರುಜು, ಒಳಗೆ ಅಂಗಳ, ಪಡಸಾಲೆ. ಮನೆಯ ಮಕ್ಕಳು ಬೆಂಗಳೂರು, ಹೈದರಾಬಾದು ಸೇರಿದ ಮೇಲೆ ಎಷ್ಟೋ ವಾಡೆಗಳಿಗೆ ಬೀಗ ಬಿದ್ದಿದೆ. ಕೆಲವನ್ನು ಕಂಬ, ಬಾಗಿಲಿನ ಬೆಲೆಗೆ ಬಿಚ್ಚಿ ಮಾರುತ್ತಿದ್ದಾರೆ. ಹಾಗೆ ಬಿಚ್ಚಿಹೋಗುವ ಬದಲು ಯಾರಾದರೂ ಕೊಂಡು ದೀಪ ಹಚ್ಚಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೊಳ್ಳುವವರಿಗೆ ಎರಡು ವಿಷಯ ಚೆನ್ನಾಗಿ ಗೊತ್ತಿರಬೇಕು: ಪಾಲು ಮತ್ತು ನೀರು. ವಾಡೆ ಕೈತಪ್ಪುವುದು ಪಾಲಿನ ತಕರಾರಿನಿಂದ, ನೆಲ ಕಚ್ಚುವುದು ನೀರಿನಿಂದ. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತದೆ.

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹಳೆಯ ಶಾತೋ, ಅಂದರೆ ಅಲ್ಲಿನ ಕೋಟೆಮನೆ, ಮಾರುವವರು ಕೊಳ್ಳುವವರ ಕೈಗೆ ತಪಾಸಣಾ ವರದಿಗಳ ಕಟ್ಟನ್ನೇ ಕೊಡಬೇಕು. 1949ಕ್ಕಿಂತ ಮೊದಲಿನ ಮನೆಯಾದರೆ ಬಣ್ಣದಲ್ಲಿ ಸೀಸ ಇದೆಯೇ ಎಂಬುದು, ಗೆದ್ದಲು ಹಾವಳಿಯೆಂದು ಘೋಷಿಸಿದ ಪ್ರದೇಶವಾದರೆ ಗೆದ್ದಲಿನದು, ವೈರಿಂಗಿಗೆ 15 ವರ್ಷ ದಾಟಿದ್ದರೆ ಕರೆಂಟಿನದು. ಕರಾರಿಗೆ ಸಹಿ ಬಿದ್ದ ಮೇಲೂ ಕೊಳ್ಳುವವರು ಹಿಂದೆ ಸರಿಯಲು 10 ದಿನ ಅವಕಾಶವಿರುತ್ತದೆ. ನಮ್ಮ ಕಡೆ ಮಾರುವವರ ಮೇಲೆ ಅಂಥ ಕಟ್ಟುಪಾಡಿಲ್ಲ. ತಪಾಸಣೆ ನೀವೇ ಮಾಡಬೇಕು, ಬೇಡ ಅನ್ನುವುದಿದ್ದರೆ ಮುಂಗಡ ಕೊಡುವ ಮೊದಲೇ ಅನ್ನಬೇಕು.

ಪಾಲು

ವಾಡೆ ಒಬ್ಬರ ಹೆಸರಿನಲ್ಲಿದೆ ಎಂದು ಪಂಚಾಯಿತಿ ಕಾಗದ ಹೇಳಿದರೂ ಅದು ಒಬ್ಬರದೇ ಆಗಿರುವುದು ಅಪರೂಪ. ಮೊದಲು ನಾಡಕಚೇರಿಯ ವಂಶವೃಕ್ಷ ತರಿಸಿ. ಮೂರು ತಲೆಮಾರು ಹಿಂದಿನ ಯಜಮಾನರಿಂದ ಹಿಡಿದು ಒಂದೊಂದು ಹೆಸರಿನ ಮುಂದೆಯೂ ಬರೆದುಕೊಳ್ಳಿ: ಇದ್ದಾರೆ, ತೀರಿಕೊಂಡರು, ಮರಣ ಪತ್ರ ಇದೆ, ಇಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಆ ಪಟ್ಟಿಯಿಂದ ಬಿಟ್ಟರೆ ಮುಂದೆ ಕೋರ್ಟಿನ ಮೆಟ್ಟಿಲು ಹತ್ತುವುದು ಖಾತ್ರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಲಿ ಬಿಡಲಿ, ಹಕ್ಕು ಇದ್ದೇ ಇದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದು ನಿಲ್ಲುತ್ತದೆ. "ಬಾಯಿಮಾತಿನಲ್ಲಿ ಪಾಲಾಗ್ಯಾವ್ರಿ, ಅಕ್ಕಗೋಳು ಏನೂ ಅನ್ನಂಗಿಲ್ಲ" ಎಂಬ ಭರವಸೆಯ ಮೇಲೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಕ್ಕನವರೂ ಬಂದು ಸಹಿ ಹಾಕಲಿ. ದೂರದಲ್ಲಿರುವವರು ಅಧಿಕಾರ ಪತ್ರ ಕೊಡುವುದಾದರೆ ಅದು ನೋಂದಣಿಯಾಗಿರಲಿ, ಇದೇ ಆಸ್ತಿಯ ಹೆಸರು, ಮಾರುವ ಅಧಿಕಾರ ಎರಡೂ ಅದರಲ್ಲಿ ಸ್ಪಷ್ಟವಾಗಿರಲಿ.

ಅಣ್ಣತಮ್ಮಂದಿರಲ್ಲಿ ಒಬ್ಬರ ಪಾಲನ್ನಷ್ಟೇ ಅಗ್ಗಕ್ಕೆ ಕೊಂಡು, ಉಳಿದದ್ದನ್ನು ನಿಧಾನವಾಗಿ ನೋಡೋಣ ಎಂಬ ಯೋಚನೆ ಬಹಳ ಜನಕ್ಕೆ ಬರುತ್ತದೆ. ಹೊಲದಲ್ಲಿ ಅದು ಹೇಗೋ ನಡೆದೀತು, ವಾಡೆಯಲ್ಲಿ ನಡೆಯುವುದಿಲ್ಲ. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲು ಕೊಂಡ ಹೊರಗಿನವರಿಗೆ ಮನೆಯೊಳಗೆ ಜಂಟಿ ಸ್ವಾಧೀನದ ಹಕ್ಕಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಹೇಳುತ್ತದೆ. ನೀವು ಪಾಲು ಕೇಳಿ ದಾವೆ ಹೂಡಿದರೆ, ಮನೆಯವರಲ್ಲಿ ಯಾರಾದರೂ ನಿಮ್ಮ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಎನ್ನಬಹುದು. ಅದಕ್ಕೆ 1893ರ ವಿಭಾಗ ಕಾಯ್ದೆಯ 4ನೇ ಕಲಂ ಇದೆ. ಹಣ ಕೊಟ್ಟು, ಮಾಳಿಗೆ (ಮಣ್ಣಿನ ಚಾವಣಿ) ರಿಪೇರಿ ಮಾಡಿಸಿ, ಕೊನೆಗೆ ಬಿಟ್ಟುಕೊಡಬೇಕಾಗುತ್ತದೆ. ಕೊಂಡರೆ ಇಡೀ ವಾಡೆ, ಎಲ್ಲರ ಸಹಿ, ಒಂದೇ ಕ್ರಯಪತ್ರ.

ದಾಖಲೆ ಹುಡುಕುವಾಗ ಊರು ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ನೆನಪಿಡಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಸೀಮೆ. ಅದರಲ್ಲಿ ಕೊಪ್ಪಳ ನಿಜಾಮರ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರು. ಹೀಗಾಗಿ ಹಳೆಯ ಕಾಗದ ಉರ್ದುವಿನಲ್ಲಿರುತ್ತವೆ. ಓದಬಲ್ಲ ಹಿರಿಯ ಪತ್ರಬರಹಗಾರರಿಂದ ಓದಿಸಿ, ಕನ್ನಡಕ್ಕೆ ಬರೆಸಿಕೊಳ್ಳಿ. 1949ರಲ್ಲಿ ಜಹಗೀರುಗಳು ರದ್ದಾದಾಗ ವಾಡೆ ಕುಟುಂಬಕ್ಕೆ ಉಳಿಯಿತೋ ಸರ್ಕಾರಕ್ಕೆ ಸೇರಿತೋ ಎಂಬುದು ಆ ಕಾಗದಗಳಲ್ಲೇ ಸಿಗಬೇಕು. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿನ ಹಳೆಯ ದಾಖಲೆಯ ರೀತಿಯೇ ಬೇರೆ. ವಾಡೆ ಗೌಡಿಕೆ, ಕುಲಕರ್ಣಿಕೆಯ ವತನ (ಸೇವೆಗಾಗಿ ಕೊಟ್ಟ) ಭೂಮಿಯ ಮೇಲಿದ್ದರೆ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಡಿ ಮರುಮಂಜೂರಾತಿ ಆದೇಶ ಕೇಳಿ. ಪಕ್ಕದಲ್ಲಿ ದರ್ಗಾ, ಮಠ, ಗುಡಿ ಇದ್ದರೆ ವಕ್ಫ್ ಮತ್ತು ಮುಜರಾಯಿ ಪಟ್ಟಿಯನ್ನೂ ನೋಡಿ.

ಋಣಭಾರ ಪತ್ರ ಕನಿಷ್ಠ 30 ವರ್ಷದ್ದು ಬೇಕು. ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಸಿಗುತ್ತದೆ, ಗಣಕೀಕರಣಕ್ಕೆ ಮೊದಲಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಕೈಬರಹದ ಪುಸ್ತಕ ತೆಗೆಸಬೇಕು. ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆಗಳು ಬೇಕು. ಅವುಗಳಲ್ಲಿ ಬರೆದ ಉದ್ದಗಲ ಮತ್ತು ನೆಲದ ಮೇಲಿನ ಉದ್ದಗಲ ಹಳೆಯ ವಾಡೆಯಲ್ಲಿ ತಾಳೆಯಾಗುವುದು ಕಡಿಮೆ: ಹಿತ್ತಲು, ಹುಡೇವು, ದನದ ಕೊಟ್ಟಿಗೆ ಬಿಟ್ಟುಹೋಗಿರುತ್ತವೆ. ಅಳತೆ ಮಾಡಿಸಿ ಚಕ್ಕುಬಂದಿ ಸರಿಪಡಿಸಿದ ಮೇಲೆಯೇ ಕ್ರಯ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ 2% ಆದ ನೋಂದಣಿ ಶುಲ್ಕ, ಎಲ್ಲ ಕೂಡಿ ಬೆಲೆಯ ಸುಮಾರು 7.6% ಕೈಯಲ್ಲಿರಲಿ. ಬೆಲೆ 50 ಲಕ್ಷ ಮುಟ್ಟಿದರೆ 1% ಆದಾಯ ತೆರಿಗೆ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು.

ಇತಿಹಾಸದ ಜಾಗದ ಪಕ್ಕದಲ್ಲಿದ್ದರೆ ಇನ್ನೊಂದು ಹೆಜ್ಜೆ ಇದೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸದಾಗಿ ಏನೂ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ಮಸ್ಕಿ, ಇಟಗಿ, ಕುಕನೂರಿನಲ್ಲಿ ಗುಡಿ, ಶಾಸನಗಳ ಸುತ್ತ ಊರೇ ಇದೆ, ಟೇಪು ಹಿಡಿದು ಅಳೆಸಿ. ಆನೆಗುಂದಿ ಸುತ್ತಿನ ಹಳ್ಳಿಗಳಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು.

ಕಾಗದದಲ್ಲಿ ಕಾಣದ ಹಕ್ಕುಗಳೂ ಇರುತ್ತವೆ. ಅಂಗಳದ ಬಾವಿಯ ನೀರನ್ನು ಓಣಿಯವರು ಸೇದುತ್ತಿರಬಹುದು, ಹುಡೇವಿನ ಬುಡದ ಹನುಮಪ್ಪನಿಗೆ ಶನಿವಾರ ಜನ ಬರಬಹುದು, ಜಾತ್ರೆಯ ದಿನ ಪಲ್ಲಕ್ಕಿ ದೊಡ್ಡ ಬಾಗಿಲಿಗೆ ಬಂದು ನಿಲ್ಲಬಹುದು. 20 ವರ್ಷ ತಡೆಯಿಲ್ಲದೆ ನಡೆದ ದಾರಿ, ನೀರಿನ ಬಳಕೆಗೆ ಕಾನೂನಿನ ಬಲವೂ ಇದೆ. ಊರ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಪಲ್ಲಕ್ಕಿಗೆ ಬಾಗಿಲು ಮುಚ್ಚುವ ಮನಸ್ಸಿದ್ದರೆ ವಾಡೆ ಕೊಳ್ಳದಿರುವುದೇ ಮೇಲು. ಊರು ಅದನ್ನು ನಿಮ್ಮ ಮನೆ ಅನ್ನುವುದು ನೀವು ಆ ದಿನ ಆರತಿ ಹಿಡಿದು ಬಾಗಿಲಲ್ಲಿ ನಿಂತ ಮೇಲೆ.

ಕರಾರಿನಲ್ಲಿ ಮರ, ಕಲ್ಲಿನ ಸಾಮಾನಿನ ಪಟ್ಟಿ ಹಾಕಿಸುವುದನ್ನು ಮರೆಯಬೇಡಿ. ದೊಡ್ಡ ಬಾಗಿಲು, ದಿಡ್ಡಿ, ಕಂಬ, ಅದರ ತಲೆಯ ಮೇಲಿನ ಬೋದಿಗೆ, ತೂಗುಮಂಚ, ದೇವರ ಜಗಲಿ, ಕಲ್ಲಿನ ದೋಣಿ, ಒರಳು. ಪ್ರತಿಯೊಂದಕ್ಕೂ ನಂಬರು, ಫೋಟೊ. ಮುಂಗಡಕ್ಕೂ ನೋಂದಣಿಗೂ ನಡುವೆ ಮೂರು ತಿಂಗಳಿದ್ದರೆ, ಬೀಗ ತೆಗೆದು ನೋಡುವಾಗ ಚೌಕಟ್ಟಷ್ಟೇ ಉಳಿದಿರುವುದು ಹೊಸದೇನಲ್ಲ.

ನೀರು

ನೋಡಲು ಹೋಗುವುದು ಉತ್ತರೆ, ಹಸ್ತ ಮಳೆಯಲ್ಲಿ. ಏಪ್ರಿಲ್‌ನಲ್ಲಿ ಎಲ್ಲ ವಾಡೆಯೂ ಒಣಗಿ ಗಟ್ಟಿಯಾಗೇ ಕಾಣುತ್ತದೆ. ಜೊತೆಗೆ ಮಣ್ಣುಗೋಡೆ ಕಟ್ಟಿ ಗೊತ್ತಿರುವ ಗೌಂಡಿ, ಒಬ್ಬ ಬಡಿಗೇರ ಇರಲಿ. ಸಿಮೆಂಟಿನ ಕೆಲಸ ಮಾತ್ರ ಬಲ್ಲವರು "ಕೆಡವಿ ಕಟ್ಟಿಬಿಡ್ರಿ" ಅನ್ನುವುದು ಸಹಜ.

ಮೊದಲು ಹೊರಗೆ ನಿಂತು ರಸ್ತೆ ನೋಡಿ. ಓಣಿಗೆ ಸಿಸಿ ರಸ್ತೆ ಮೇಲೆ ಸಿಸಿ ರಸ್ತೆ ಹಾಕಿ, ಎಷ್ಟೋ ಕಡೆ ರಸ್ತೆ ವಾಡೆಯ ಹೊಸ್ತಿಲಿಗಿಂತ ಒಂದು-ಎರಡು ಅಡಿ ಮೇಲೆದ್ದಿದೆ. ಚರಂಡಿ ತುಂಬಿದರೆ ನೀರು ಗೋಡೆಯ ಬುಡಕ್ಕೇ ಬರುತ್ತದೆ. ಇದಕ್ಕೆ ಗೋಡೆಯುದ್ದಕ್ಕೂ ಬುನಾದಿ ಕಾಣುವಷ್ಟು ಅಗೆದು, ಇಳಿಜಾರು ಕೊಟ್ಟು, ನೀರು ಹೊರಗೆ ಹೋಗಲು ದಾರಿ ಮಾಡಬೇಕು. ಆ ದಾರಿ ಎಲ್ಲೂ ಸಿಗದಷ್ಟು ವಾಡೆ ತಗ್ಗಿನಲ್ಲಿದ್ದರೆ ಬಿಟ್ಟುಬಿಡಿ, ಎಷ್ಟು ಚೆಂದವಿದ್ದರೂ.

ಆಮೇಲೆ ಗೋಡೆಯ ಬುಡ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತದ ಗದ್ದೆಗಳಿಂದ ಅಂತರ್ಜಲ ಮೇಲೆ ಬಂದು ನೆಲ ಸವುಳು (ಉಪ್ಪು) ಹಿಡಿದಿದೆ. ಅದೇ ಸವುಳು ನೀರು ಗೋಡೆಯನ್ನು ಮೂರು-ನಾಲ್ಕು ಅಡಿಯವರೆಗೆ ಏರುತ್ತದೆ. ನೀರು ಆರಿ, ಉಪ್ಪು ಉಳಿದು, ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ಬಿಳಿ ಪುಡಿ ಕಂಡರೆ ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ಹೊರಹಾಕಬೇಕು. ತೊಳೆದರೆ ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಊರುಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ನೋಡಬೇಕಾದದ್ದು ಬುನಾದಿಯ ಅಡಿ ಎರಿಮಣ್ಣು (ಕಪ್ಪು ಮಣ್ಣು) ಇದೆಯೋ ಗಟ್ಟಿ ಮರಡಿಯೋ (ಗರಸು) ಎಂಬುದು. ಎರಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಗೋಡೆಯೂ.

ಬಿರುಕು ಕಂಡ ಕೂಡಲೇ ಹೆದರಬೇಕಿಲ್ಲ, ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಜಿಪ್ಸಮ್ ಹಚ್ಚಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗಾಜು ಒಡೆಯದಿದ್ದರೆ ಅದು ಹಳೆಯ ಗಾಯ. ಹೊಟ್ಟೆ ಬಂದ ಗೋಡೆ ಹೆಚ್ಚು ಅಪಾಯದ್ದು. ವಾಡೆಯ ದಪ್ಪ ಗೋಡೆ ಒಳಗೊಂದು ಹೊರಗೊಂದು ಕಲ್ಲಿನ ಮೈ, ನಡುವೆ ಮಣ್ಣು-ಚೂರುಗಲ್ಲು ತುಂಬಿದ್ದು. ತಲೆಯಿಂದ ಇಳಿದ ನೀರು ನಡುವಿನ ಮಣ್ಣನ್ನು ಕೆಳಗೆ ಒಯ್ದಾಗ ಹೊರಮೈ ಉಬ್ಬುತ್ತದೆ. ತೂಗುಗುಂಡು ಬಿಟ್ಟು ಅಳೆಯಿರಿ. ವಾಲಿಕೆಯೋ ಉಬ್ಬೋ ಗೋಡೆಯ ದಪ್ಪದ ಆರನೇ ಒಂದು ಪಾಲು, ಅಂದರೆ ಮೂರಡಿ ಗೋಡೆಗೆ ಆರು ಇಂಚು ಮುಟ್ಟಿದ್ದರೆ ಅದರ ಕೆಳಗೆ ಯಾರೂ ಮಲಗಬಾರದು. ಎಂಜಿನಿಯರನ್ನು ಕರೆಸಿ, ಬೆಲೆ ಮಾತಾಡುವುದು ಆಮೇಲೆ.

ಒಳಗೆ ಬಂದರೆ ತೊಲೆಯ ತುದಿ. ನಡುತೊಲೆ ಕಬ್ಬಿಣದಂತೆ ಇದ್ದು, ಗೋಡೆಯೊಳಗೆ ಹೋದ ಒಂದಡಿ ಹಿಟ್ಟಾಗಿರುತ್ತದೆ, ಒದ್ದೆ ಗೋಡೆ ಅದನ್ನು ತಿಂದಿರುತ್ತದೆ. ಏಣಿ ಹಾಕಿ ಹತ್ತಿ, ಗೋಡೆ ಸೇರುವ ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಸರಿ, ಬದ್ದೆನ್ನುವ ಸದ್ದು ಬಂದರೆ ಸ್ಕ್ರೂಡ್ರೈವರ್ ಒತ್ತಿ. ಒಂದಿಂಚು ಒಳಗಿಳಿದರೆ ಆ ತುದಿ ಹೋಯಿತು. ಇಡೀ ತೊಲೆ ತೆಗೆಯಬೇಕಿಲ್ಲ. ಕೆಳಗೆ ಜಾಕಿ ಕೊಟ್ಟು ಕೆಟ್ಟದ್ದನ್ನು ಕತ್ತರಿಸಿ, ಒಣಗಿದ ಸಾಗವಾನಿ ತುಂಡನ್ನು ಓರೆಗೆ ಜೋಡಿಸಿ ಬೋಲ್ಟು ಹಾಕಬಹುದು, ಅಥವಾ ಗೋಡೆಗೆ ಒತ್ತಿ ಒಂದು ಕಂಬ ನಿಲ್ಲಿಸಿ ಬೋದಿಗೆ ಕೊಡಬಹುದು. ಒರಲಿ (ಗೆದ್ದಲು) ಇದ್ದರೆ ಗೋಡೆಯ ಬುಡ-ನೆಲ ಸೇರುವಲ್ಲಿ ಒಂದಡಿಗೊಂದು 12 ಮಿ.ಮೀ. ತೂತು ಕೊರೆದು, 20% ಕ್ಲೋರ್‌ಪೈರಿಫಾಸ್ ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿ, ತೂತಿಗೆ ಒಂದು ಲೀಟರಿನಂತೆ ಇಳಿಸುತ್ತಾರೆ. ಕುಡಿಯುವ ಬಾವಿ ಹತ್ತಿರವಿದ್ದರೆ ಇದನ್ನು ಮಾಡಿಸಬೇಡಿ.

ಮಾಳಿಗೆ

ದುರಸ್ತಿಯ ಮೊದಲ ದುಡ್ಡು ಮಾಳಿಗೆಗೆ. ಅದು ಮುಗಿಯುವ ಮುನ್ನ ಬಣ್ಣ, ನೆಲ, ಅಡಿಗೆಮನೆ ಯಾವುದಕ್ಕೂ ಕೈ ಹಾಕಬಾರದು.

ನಮ್ಮ ಮಾಳಿಗೆಯ ಕಟ್ಟು ಹೀಗೆ: ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ಸೊಪ್ಪು ಅಥವಾ ಹುಲ್ಲು, ಆಮೇಲೆ ಬಡಿದ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣು. ಹೊಲದಲ್ಲಿ ಬೆಳೆ ಕೊಡದ ಆ ಸವುಳೇ ಮಾಳಿಗೆಗೆ ಬೇಕು. ನೀರು ತಗುಲಿದೊಡನೆ ಅದರ ಕಣ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿ, ನೀರು ಇಳಿಯಗೊಡುವುದಿಲ್ಲ. ತೊಂದರೆ ಎಲ್ಲಿಯೆಂದರೆ, ವರ್ಷ ವರ್ಷ ಸೋರುವ ಕಡೆ ಮಣ್ಣು ಹಾಕುತ್ತಾ ಹೋಗುತ್ತಾರೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. 1000 ಚದರಡಿಯ ಮೇಲೆ ಒಂದಿಂಚು ಮಣ್ಣು ಅಂದರೆ ಹೆಚ್ಚುಕಡಿಮೆ ನಾಲ್ಕು ಟನ್, ನೆನೆದರೆ ಇನ್ನೂ ಭಾರ. ಒಂದೂವರೆ ಅಡಿ ಮಣ್ಣು ಹೊತ್ತ ಮಾಳಿಗೆಗಳಿವೆ. ತೊಲೆ ಬಾಗಿದ್ದು ವಯಸ್ಸಿಗಲ್ಲ, ಈ ಹೊರೆಗೆ.

ಮೂಲೆಯಲ್ಲಿ ಒಂದು ಗುಣಿ ತೋಡಿ ಎಷ್ಟು ದಪ್ಪ ಇದೆ ನೋಡಿ. ಹೆಚ್ಚಿದ್ದರೆ ಆರು ಇಂಚಿಗೆ ಇಳಿಸಬೇಕು. ಮೊದಲು ಒಳಗೆ ಪ್ರತಿ ತೊಲೆಯ ಕೆಳಗೆ ಆಧಾರ ಕೊಟ್ಟು, ನಡುವಿನಿಂದ ಎರಡೂ ಕಡೆಗೆ ಸಮವಾಗಿ, ಒಂದೊಂದು ಅಂಕಣದ, ಅಂದರೆ ಎರಡು ತೊಲೆಗಳ ನಡುವಿನ ಜಾಗದ, ಮಣ್ಣು ತೆಗೆಯುತ್ತಾ ಬನ್ನಿ. ಒಂದೇ ಕಡೆ ಖಾಲಿ ಮಾಡಿದರೆ ತೊಲೆ ಹೊರಳುತ್ತದೆ. ತೆಗೆದ ಮಣ್ಣನ್ನು ಮಾಳಿಗೆಯ ಅಂಚಿನಲ್ಲಿ ಗುಡ್ಡೆ ಹಾಕಬೇಡಿ, ಅದೇ ದಿನ ಕೆಳಗಿಳಿಸಿ. ಹೊಸ ಮೇಲ್ಮೈಗೆ 40 ಅಡಿಗೆ ಒಂದಡಿ ಇಳಿಜಾರು ಸಾಕು. ಮಳೆ ನೀರು ಹೊರಬೀಳುವ ಹರನಾಳಿಗೆ ಗೋಡೆಯಿಂದ ಎರಡಡಿಯಾದರೂ ಹೊರಚಾಚಿರಬೇಕು. 3000 ಚದರಡಿ ಮಾಳಿಗೆಯ ಮೇಲೆ 50 ಮಿ.ಮೀ. ಮಳೆ ಒಂದೇ ಸಂಜೆ ಬಿದ್ದರೆ ಸುಮಾರು 14,000 ಲೀಟರ್ ನೀರು. ಒಂದು ಹರನಾಳಿಗೆಯಲ್ಲಿ ಪಾರಿವಾಳದ ಗೂಡು ಕಟ್ಟಿಕೊಂಡರೆ ಅಷ್ಟೂ ನೀರು ಗೋಡೆಯ ತಲೆಗೆ ಇಳಿಯುತ್ತದೆ.

ಮಾಳಿಗೆ ಕಿತ್ತು ಸ್ಲ್ಯಾಬು ಹಾಕಿಸಿ ಎನ್ನುವವರು ಸಿಗುತ್ತಾರೆ. ತೂಕದ ಲೆಕ್ಕದಲ್ಲಿ ಐದಿಂಚು ಸ್ಲ್ಯಾಬು ದಪ್ಪ ಮಣ್ಣಿಗಿಂತ ಹಗುರವೇ. ಆದರೆ ರಾಯಚೂರಿನ ಬಿಸಿಲಿಗೆ ಅದು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಮಣ್ಣುಗೋಡೆಯ ತಲೆಯನ್ನು ದಿನವೂ ಆಚೆ ಈಚೆ ತಳ್ಳುತ್ತದೆ. ಕೆಲವೇ ವರ್ಷದಲ್ಲಿ ಸ್ಲ್ಯಾಬಿನ ಕೆಳಗೆ ಉದ್ದಕ್ಕೂ ಬಿರುಕು. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಕೆಳಗೆ ಸಿಗುವ ತಂಪೂ ಹೋಗುತ್ತದೆ, ವಾಡೆ ಕೊಂಡದ್ದು ಆ ತಂಪಿಗೂ ಅಲ್ಲವೇ.

ಸುಣ್ಣ

ಮಣ್ಣುಗೋಡೆಗೆ ಸಿಮೆಂಟ್ ಗಿಲಾವು ಹಾಕಿಸಬೇಡಿ. ಗೋಡೆ ನೀರು ಕುಡಿದು ಆರುತ್ತಾ ಬದುಕುತ್ತದೆ. ಸಿಮೆಂಟ್ ಆರುವ ದಾರಿ ಮುಚ್ಚುತ್ತದೆ, ನೀರು ಮೇಲೇರಿ ಗಿಲಾವು ಮುಗಿಯುವ ಅಂಚಿನಲ್ಲಿ ಹೊರಬರುತ್ತದೆ, ಒಂದು ದಿನ ಇಡೀ ಹಾಳೆ ಹಿಂದಿನ ಮಣ್ಣನ್ನೂ ಹೊತ್ತುಕೊಂಡು ಬೀಳುತ್ತದೆ. ಆಯಿಲ್ ಪೇಂಟು, ಗೋಡೆಗೆ ಹಚ್ಚಿದ ಟೈಲ್ಸು ಮಾಡುವುದೂ ಇದನ್ನೇ.

ಸುಟ್ಟ ಸುಣ್ಣದ ಕಲ್ಲು ತಂದು ನೀರಿನ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕಲ್ಲಿನ ರಾಶಿಗೆ ನೀರು ಸುರಿದರೆ ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ, ಹುಡುಗರನ್ನಂತೂ ಬೇಡವೇ ಬೇಡ. ಸೋಸಿ, ಮೇಲೆ ಎರಡಿಂಚು ನೀರು ನಿಲ್ಲಿಸಿ, ಕನಿಷ್ಠ ಮೂರು ವಾರ ಕೊಳೆಯಲು ಬಿಡಿ. ಬೆಣ್ಣೆಯಂತೆ ಕರಣಿಗೆ ಅಂಟಿದರೆ ಹದ. ಒಳಗಿನ ಗೋಡೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಮಳೆ ಬಡಿಯುವ ಹೊರಮೈಗೆ ಒಂದು ಸುಣ್ಣ, ಒಂದು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ, ಎರಡು ಮರಳು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ. ನವೆಂಬರಿನಿಂದ ಫೆಬ್ರವರಿಯೊಳಗೆ ಈ ಕೆಲಸ ಮುಗಿಯಬೇಕು, ಬೇಸಿಗೆಯಲ್ಲಿ ಹಚ್ಚಿದ್ದು ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಒಂದು ವಾರ ಹಸಿ ಗೋಣಿತಟ್ಟು ಹೊದಿಸಿ ನೀರು ಚಿಮುಕಿಸುತ್ತಿರಿ. ಮೊದಲ ವರ್ಷ ಹೊರಗೋಡೆಯಲ್ಲಿ ಮೂರಡಿ ಚೌಕದಷ್ಟೇ ಹಚ್ಚಿ ಒಂದು ಮಳೆಗಾಲ ನೋಡುವುದು ಜಾಣತನ.

ಗೋಡೆಯಲ್ಲಿ ಬೆಳೆದ ಅರಳಿ ಗಿಡವನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತವೆ. ಬುಡಕ್ಕೆ ಕತ್ತರಿಸಿ, ಚಿಗುರಿದ ಹಾಗೆಲ್ಲ ಮುರಿಯುತ್ತಿದ್ದರೆ ಬೇರು ಸತ್ತುಹೋಗುತ್ತದೆ. ಆಮೇಲೆ ಆ ಸಂದಿಗೆ ಗಾರೆ ತುಂಬಿ.

ಹಗೇವು

ಅಂಗಳದಲ್ಲೋ ಪಡಸಾಲೆಯಲ್ಲೋ ಚಪ್ಪಡಿ ಮುಚ್ಚಿದ ಹಗೇವು ಇದ್ದೇ ಇರುತ್ತದೆ. ಜೋಳ ತುಂಬುತ್ತಿದ್ದ ಆ ಗುಂಡಿಯಲ್ಲಿ ಎಷ್ಟೋ ವರ್ಷದ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವರು ಕೂಗುವ ಮೊದಲೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಚಪ್ಪಡಿ ತೆಗೆದು ಎರಡು ದಿನ ಬಿಡಿ, ಸುತ್ತ ಬೇಲಿ ಕಟ್ಟಿ. ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ತಳದವರೆಗೆ ಇಳಿಬಿಡಿ. ಮಂಕಾದರೆ, ಆರಿದರೆ ಬ್ಲೋವರ್ ಇಟ್ಟು ಗಾಳಿ ಊದಿ ಮತ್ತೆ ನೋಡಿ. ಕಂದೀಲು ಉರಿದರೂ ಇಳಿಯುವವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು. ಬಳಸುವುದಿಲ್ಲವಾದರೆ ಪದರು ಪದರಾಗಿ ಮರಡಿ ಹಾಕಿ ಬಡಿದು ತುಂಬಿಸಿ. ತುಂಬದೆ ಮುಚ್ಚಿದರೆ ಮಳೆ ನೀರು ಅಲ್ಲಿ ಇಂಗಿ ಪಕ್ಕದ ಗೋಡೆ ಕುಸಿಯುತ್ತದೆ.

ಅಗೆಯುವಾಗ ಏನಾದರೂ ಸಿಕ್ಕರೆ ಮುಚ್ಚಿಡಬೇಡಿ. ನೆಲದಲ್ಲಿ ಹುದುಗಿದ್ದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಬೇರೆ ಇದೆ. ವಾಡೆ ಕೈಬದಲಾಯಿತು ಎಂದೊಡನೆ ನಿಧಿಗಳ್ಳರು ರಾತ್ರಿ ಬಂದು ಹುಡೇವಿನ ಬುಡ, ದೇವರ ಜಗಲಿ ಅಗೆಯುವುದು ಈ ಸೀಮೆಯ ಪಿಡುಗು. ಅವರು ತೋಡಿದ ಗುಣಿಯಿಂದ ಹುಡೇವು ಒರಗಿದ್ದೂ ಉಂಟು. ನೋಂದಣಿಯಾದ ದಿನದಿಂದಲೇ ಅಲ್ಲಿ ಮಲಗಲು ಒಬ್ಬರನ್ನು ಗೊತ್ತುಮಾಡಿ, ಅಂಗಳಕ್ಕೆ ದೀಪ ಹಾಕಿಸಿ.

ವಾಸಕ್ಕೆ

ಬಚ್ಚಲು, ಪಾಯಖಾನೆಗಳನ್ನು ಹಳೆಯ ಗೋಡೆಗೆ ತಾಗಿಸದೆ ಹಿತ್ತಲಲ್ಲಿ ಬೇರೆಯೇ ಕಟ್ಟಿಸಿ. ನಲ್ಲಿ ಪೈಪು ಮಣ್ಣುಗೋಡೆಯೊಳಗೆ ಹೋಗಬಾರದು, ಸೋರಿದ್ದು ಗೊತ್ತಾಗುವಷ್ಟರಲ್ಲಿ ಗೋಡೆ ಕರಗಿರುತ್ತದೆ. ಕರೆಂಟಿನ ವೈರು ಗೋಡೆ ಕೊರೆಯದೆ ಮೇಲ್ಮೈ ಪೈಪಿನಲ್ಲಿ ಓಡಲಿ. ಹಳೆಯ ವೈರನ್ನೆಲ್ಲ ಕಿತ್ತು, ಹೊಸ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಹುಲ್ಲು, ಸೊಪ್ಪಿನ ಮಾಳಿಗೆಗೆ ಕಿಡಿಯೊಂದು ಸಾಕು.

ಮೊದಲ ವರ್ಷ ಇಡೀ ವಾಡೆಯಲ್ಲಿ ಇರುವ ಹಂಬಲ ಬೇಡ. ಗಟ್ಟಿ ಮಾಳಿಗೆ ಇರುವ ಎರಡು-ಮೂರು ಅಂಕಣ ಆರಿಸಿ ಅಲ್ಲಿ ವಾಸ ಮಾಡಿ, ಉಳಿದ ಕಡೆ ತೊಲೆಗಳಿಗೆ ಆಧಾರ ಕೊಟ್ಟು ತಾಡಪತ್ರಿ ಹೊದಿಸಿ. ಕೊಂಡ ಬೆಲೆಯಷ್ಟೇ ಹಣ ದುರಸ್ತಿಗೆ ಬೇಕಾಗುತ್ತದೆ ಎಂದು ಎಣಿಸಿ ಹೊರಟರೆ ನಡುವೆ ಕೈಬಿಡುವುದಿಲ್ಲ. ಹಳೆಯ ಮಣ್ಣುಕಟ್ಟಡಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ, ಆ ಲೆಕ್ಕ ಮೊದಲೇ ಇರಲಿ.

ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಹೆಗ್ಗಣದ ಬಿಲ ಮುಚ್ಚಿ, ತಗ್ಗಾದಲ್ಲಿ ಮಾತ್ರ ಸವುಳು ಹಾಕಿ ಬಡಿಸಿ, ಹರನಾಳಿಗೆಗಳಿಗೆ ಒಂದೊಂದು ಕೊಡ ನೀರು ಸುರಿದು ನೋಡಿ. ಮಳೆ ಜೋರಾಗಿ ಹಿಡಿದ ದಿನ ಬ್ಯಾಟರಿ ಹಿಡಿದು ಒಂದೊಂದು ಅಂಕಣಕ್ಕೂ ಹೋಗಿ, ಸೋರಿದಲ್ಲಿ ಕೆಳಗಿನ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ. ಮರುದಿನ ಬಿಸಿಲು ಬಂದ ಮೇಲೆ ಆ ಗುರುತಿನ ನೇರಕ್ಕೆ ಮಾಳಿಗೆಯ ಮೇಲೆ ಹುಡುಕಿ. ಅಲ್ಲೇ ಸಿಗದಿದ್ದರೆ ಇಳಿಜಾರಿನ ಮೇಲ್ಗಡೆಗೆ ಹೆಜ್ಜೆ ಹೆಜ್ಜೆಗೂ ನೋಡುತ್ತಾ ಹೋಗಿ, ತೂತು ಸಿಗುವುದು ಅಲ್ಲೇ.